ನಿಂಬವ್ವ ತಟ್ಟದ ಗಡಿಗೆ

ಒಂದಾನೊಂದು ಕಾಲದಲ್ಲಿ, ಊರೆಲ್ಲ ಮಣ್ಣಿನ ಗಡಿಗೆಯಲ್ಲೇ ಅನ್ನ ಬೇಯಿಸುವಾಗ, ಬರಮಪ್ಪ ಅಂತ ಒಬ್ಬ ಕುಂಬಾರ ಇದ್ದನಂತೆ. ಅವನು ತಿಗರಿ ತಿರುಗಿಸಿ ಗಡಿಗೆ ಎತ್ತುತ್ತಿದ್ದ, ಹೆಂಡತಿ ನಿಂಬವ್ವ ಆ ಹಸಿ ಗಡಿಗೆಯನ್ನು ಹಲಗೆಯಿಂದ ತಟ್ಟಿ ಹದ ಮಾಡುತ್ತಿದ್ದಳು. ಅವನಿಗೆ ಹೆಂಡದ ಚಟ. ಕುಡಿದ ಕೈಗೆ ಗಡಿಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅವಳು ತಟ್ಟಿ ತಟ್ಟಿ ಸರಿಮಾಡೋಳಂತೆ. ಊರವರು, ಬರಮಪ್ಪ ಎಷ್ಟು ಕುಡಿದ್ರೂ ಕೈ ತಪ್ಪಲ್ಲ ಬಿಡು, ಅನ್ನೋರು. ಅವನೂ ಅದನ್ನೇ ನಂಬಿದ.

ಆಮೇಲೆ ಒಂದು ದಿನ ತಟ್ಟಿ ತಟ್ಟಿ ಸೋತ ಅವಳ ಭುಜ ಮೇಲೇಳಲಿಲ್ಲವಂತೆ. ಅವನು ಹೆಂಡ ಮುಟ್ಟಿರದ ಬೆಳಿಗ್ಗೆ ನೋಡಿ ಹೇಳಿದಳು. ಕುಡಿಯೋದು ಬಿಡೋದು ನಿಮಗೆ ಸೇರಿದ್ದು. ನನಗೆ ಸೇರಿದ್ದು ಮೂರು. ಕುಡಿದು ಮಾಡಿದ ಗಡಿಗೆ ತಟ್ಟಲ್ಲ. ಕುಡಿದು ಬಂದರೆ ಬಾಗಿಲು ತೆಗೆಯಲ್ಲ, ರೊಟ್ಟಿ ಜಗಲಿ ಮೇಲಿರುತ್ತೆ. ಯಾರಾದರೂ ಕೇಳಿದರೆ ನಿಮಗೆ ಜ್ವರ ಅಂತ ಸುಳ್ಳು ಹೇಳಲ್ಲ.

ಆಯ್ತು ತಾಯಿ, ಡಂಗುರಾನೂ ಸಾರಿಸಿಬಿಡು, ಅಂತ ನಕ್ಕನಂತೆ.

ಮೊದಲ ದಿನ ಕುಡಿದು ಬಂದು ಬಾಗಿಲಲ್ಲಿ ಅತ್ತ. ಎರಡನೇ ದಿನ ಬೈದ. ಮೂರನೇ ದಿನ, ನಾನು ಸತ್ತರೆ ಪಾಪ ನಿನಗೇ, ಅಂದ. ಅವಳು ಒಳಗೆ ಅಗುಳಿ ಹಿಡಿದು ನಿಂತಿದ್ದಳಂತೆ. ತೆಗೆಯಲಿಲ್ಲ.

ಆಮೇಲೆ ಗೌಡರ ಮನೆ ಮದುವೆ ಬಂತು. ಮದುವೆಯಲ್ಲಿ ಪೂಜೆಗಿಡೋ ಐದು ಐರಣಿ ಗಡಿಗೆಗಳನ್ನು ಕುಂಬಾರನ ಮನೆಯಿಂದ ಓಲಗ ಊದಿಸಿಕೊಂಡು ತರೋದು ಪದ್ಧತಿ. ಬರಮಪ್ಪ ಕುಡಿದೇ ಮಾಡಿದ, ತಾನೇ ತಟ್ಟಿದ, ತಾನೇ ಆವಿಗೆಯಲ್ಲಿಟ್ಟು ಸುಟ್ಟ. ಓಲಗದವರ ಜೊತೆ ಗೌಡತಿ ಬಂದು ನಿಂತಾಗ ಆವಿಗೆ ತೆಗೆದರೆ ಐದೂ ಬಿರುಕು. ಓಲಗ ನಿಂತುಹೋಯಿತು. ಇದೇನೇ ನಿಂಬವ್ವ, ಅಂದಳು ಗೌಡತಿ. ಬರಮಪ್ಪ ಕಣ್ಣಲ್ಲೇ ಹೆಂಡತಿಯನ್ನು ಬೇಡಿದ.

ಕುಡಿದು ಮಾಡಿದ್ದು ಅವ್ವಾರೇ. ನಾನು ತಟ್ಟಿಲ್ಲ.

ಅವರು ಪಕ್ಕದೂರಿನ ಕುಂಬಾರನ ಮನೆಗೆ ಹೋದರಂತೆ. ಬರಮಪ್ಪ ಒಬ್ಬನೇ ಕೂತು ಐದೂ ಗಡಿಗೆಯನ್ನು ಬೆರಳಿಂದ ಬಡಿದು ನೋಡಿದ. ಒಂದೂ ಠಣ್ ಅಂತ ದನಿ ಕೊಡಲಿಲ್ಲ. ಇಷ್ಟು ವರ್ಷ ಹದ ಯಾರ ಕೈಯಲ್ಲಿತ್ತು ಅಂತ ಆಗ ತಿಳಿಯಿತಂತೆ.

ಹೆಂಡ ಬಿಟ್ಟ. ನಡುವೆ ಎರಡು ಸಲ ಜಾರಿದ, ಎರಡು ಸಲವೂ ಜಗಲಿ ಮೇಲೇ ಉಂಡ. ಯಾರೂ ಕೂಗಾಡಲಿಲ್ಲ.

ಮರುವರ್ಷ ಗೌಡರ ಕಿರಿಮಗಳ ಮದುವೆ. ಹೇಳಿಕಳಿಸಿದ್ದು ಇವನಿಗೇ. ಬರಮಪ್ಪ ಹಸಿ ಗಡಿಗೆ ತಂದು ನಿಂಬವ್ವನ ಮುಂದಿಟ್ಟು, ತಟ್ಟುತ್ತೀಯಾ, ಅಂದ. ಅವಳು ಹತ್ತಿರ ಬಂದು ಅವನ ಉಸಿರು ಮೂಸಿದಳು. ಆಮೇಲೆ ಹಲಗೆ ಎತ್ತಿಕೊಂಡಳಂತೆ.

ಗಡಿಗೆ ಆವಿಗೆಗೆ ಹೋಯ್ತು, ಕತೆ ಮುಗೀತು. ನೀನಿನ್ನು ಮಲಗು.