ನೀಲವ್ವನ ಮೂರು ತಿಂಗಳ ಉಪವಾಸ

ಕೇಳಿ ಮಕ್ಕಳೇ, ಉತ್ತರದ ತಣ್ಣನೆ ಕಡಲಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ನೀಲವ್ವ ಅಂತ ಒಂದು ತಿಮಿಂಗಿಲ. ಮೈ ನೋಡಿದರೆ ಗುಡ್ಡ, ಮನಸ್ಸು ಬೆಣ್ಣೆ. ಅವಳ ಗೆಳತಿ ಚಿಮ್ಮಿ ಅನ್ನೋ ಡಾಲ್ಫಿನ್. ಅಲ್ಲಿನ ಮೀನು, ಸಿಗಡಿ ಎಲ್ಲ ಕಾಯೋಕೆ ಸಮುದ್ರರಾಜ ಒಬ್ಬ ಉಗ್ರಾಣಿಯನ್ನು ಇಟ್ಟಿದ್ದ. ಅವನೇ ಕೋರೆಪ್ಪ ಅನ್ನೋ ಶಾರ್ಕ್. ಕಾಯೋ ನೆಪದಲ್ಲಿ ಎಲ್ಲರನ್ನೂ ಹೆದರಿಸೋದೇ ಅವನ ಕೆಲಸ.

ನೀಲವ್ವ ಬಸುರಿಯಾದಳು. ತಣ್ಣೀರಲ್ಲಿ ಹುಟ್ಟಿದರೆ ಕೂಸು ನಡುಗಿ ಸತ್ತೇಹೋದೀತು. ದಕ್ಷಿಣದ ಬೆಚ್ಚನೆ ಕಡಲಿಗೆ ಹೋಗಬೇಕು. ಅಲ್ಲಿ ಅವಳ ಹೊಟ್ಟೆಗಾಗುವಷ್ಟು ತಿನ್ನೋಕೆ ಸಿಗಲ್ಲ. ಅದಕ್ಕೇ ಬೇಸಿಗೆ ಪೂರ್ತಿ ತಿಂದಳು. ಬೆಳಿಗ್ಗೆ ಸಿಗಡಿ, ಮಧ್ಯಾಹ್ನ ಸಿಗಡಿ, ಸಂಜೆಗೂ ಸಿಗಡಿ. ಚರ್ಮದ ಕೆಳಗೆ ಗೇಣುದಪ್ಪ ಕೊಬ್ಬು ಕೂಡಿತು.

ಹೊರಡೋ ದಿನ ಕೋರೆಪ್ಪ ಅಡ್ಡ ಬಂದ.

"ನನ್ನ ಉಗ್ರಾಣ ಬಿಟ್ಟು ಮೂರು ದಿನ ಬದುಕ್ತೀಯಾ?"

"ಮೂರು ತಿಂಗಳು ಬದುಕ್ತೀನಪ್ಪ."

"ಹಾಗಾದರೆ ಪಂದ್ಯ! ಅಷ್ಟರಲ್ಲಿ ಒಂದು ತುತ್ತು ತಿಂದರೂ ನಿನ್ನ ಕೂಸು ನನಗೆ."

ನೀಲವ್ವ ಯೋಚಿಸಿದಳು. ಒಲ್ಲೆ ಅಂದರೆ ಇವನು ದಾರಿ ಬಿಡೋನಲ್ಲ.

"ಆಗಲಿ. ನೀನೂ ಉಪವಾಸ ಇರಬೇಕು. ನೀನು ಮೊದಲು ತಿಂದರೆ ಉಗ್ರಾಣ ಬಿಟ್ಟು ಹೋಗಬೇಕು."

"ನನಗೇನು ಕಷ್ಟ!" ಅಂತ ಕೋರೆಪ್ಪ ಸಾಲುಸಾಲು ಹಲ್ಲು ತೋರಿಸಿ ನಕ್ಕ.

ಚಿಮ್ಮಿ ಅಂದಳು, "ಅಕ್ಕಾ, ಯಾರು ಮೊದಲು ತಿಂದರು ಅಂತ ಪಂಚಾಯ್ತಿ ಮಾಡೋಕೆ ನಾನು ಬರ್ತೀನಿ. ಆದರೆ ಒಂದು ದಿನ ಊಟ ತಪ್ಪಿದರೂ ನನಗೆ ಕಣ್ಣು ಕತ್ತಲೆ ಬರುತ್ತೆ."

"ನೀನು ಉಣ್ಣು ತಾಯಿ. ನಿನ್ನ ಮೈಯೇ ಅಂಥದ್ದು."

ದಕ್ಷಿಣದಲ್ಲಿ ಕೂಸು ಹುಟ್ಟಿತು. ಚಟಪಟ ಬಾಲ ಬಡಿಯೋ ಮುದ್ದು ಕೂಸು. ನೀಲವ್ವ ಹಾಲೂಡಿಸಿದಳು, ತಾನು ಮಾತ್ರ ಏನೂ ತಿನ್ನಲಿಲ್ಲ.

ಮೊದಲ ತಿಂಗಳು ಕೋರೆಪ್ಪ ಬೂತಾಯಿ ಮೀನಿನ ಹಿಂಡನ್ನೇ ಅಟ್ಟಿಕೊಂಡು ಬಂದ. ನೀಲವ್ವ ಬೆನ್ನು ತಿರುಗಿಸಿದಳು. ಎರಡನೇ ತಿಂಗಳು ಬಂಗಡೆ ಅಟ್ಟಿಕೊಂಡು ಬಂದ. ನೀಲವ್ವ ಕಣ್ಣು ಮುಚ್ಚಿದಳು. ಮೂರನೇ ತಿಂಗಳು ಬಾಯಿ ತುಂಬ ಸಿಗಡಿ ಕಚ್ಚಿಕೊಂಡು ಬಂದ. ನೀಲವ್ವನಿಗೆ ಹೊಟ್ಟೆ ಹಿಂಡಿದ ಹಾಗಾಯಿತು. ಕೂಸಿನ ಕಡೆ ನೋಡಿದಳು. ಆಮೇಲೆ ಕೋರೆಪ್ಪನ ಕಡೆ ನೋಡಿದಳು. ಅವನ ಕಣ್ಣು ಗುಳಿಬಿದ್ದಿತ್ತು, ಬಾಲ ನಡುಗುತ್ತಿತ್ತು.

"ಎಷ್ಟು ಚೆನ್ನಾಗಿದೆಯಪ್ಪ! ಯಾವ ಸಿಗಡಿ ಅದು? ಬಿಳೀದೋ, ಕೆಂಪೋ? ಬಾಯಿಬಿಟ್ಟು ಹೇಳು, ತಿಂದೇಬಿಡ್ತೀನಿ."

ಕೋರೆಪ್ಪ ಹಿಗ್ಗಿಹೋದ. "ಕೆಂ..." ಅನ್ನೋಕೆ ಬಾಯಿ ಬಿಟ್ಟ. ನಾಲಿಗೆಗೆ ರುಚಿ ತಾಕಿತು. ಅಷ್ಟೇ, ಗುಳುಂ!

"ತಿಂದ! ತಿಂದ! ಕೋರೆಪ್ಪ ತಿಂದ!" ಚಿಮ್ಮಿ ಮೂರು ಸಲ ನೀರಿಂದ ಮೇಲೆ ಹಾರಿದಳು.

ಚಿಮ್ಮಿಯ ಸಾಕ್ಷಿ ಕೇಳಿ ಸಮುದ್ರರಾಜ ಕೋರೆಪ್ಪನನ್ನು ಉಗ್ರಾಣದಿಂದ ಓಡಿಸಿದ. ಆಮೇಲೆ ಹೇಳಿದ, "ನೀಲವ್ವಾ, ಕೊಬ್ಬು ಕೂಡಿಡೋ ನಿನ್ನ ಕುಲಕ್ಕೆ ಹೆರಿಗೆಯ ಕಾಲದಲ್ಲಿ ಉಪವಾಸ ಒಗ್ಗಲಿ. ಚಿಮ್ಮೀ, ನಿನ್ನ ಕುಲ ದಿನಾ ದುಡಿದು ದಿನಾ ಉಣ್ಣಲಿ. ಅದರಲ್ಲೇನೂ ನಾಚಿಕೆಯಿಲ್ಲ."

ಅವತ್ತಿಂದ ಹಾಗೇ ನಡೀತಿದೆ. ಮಕ್ಕಳೇ, ಉಪವಾಸ ಇದ್ದವರು ಮೇಲಲ್ಲ, ಉಂಡವರು ಕೀಳಲ್ಲ. ಅವರವರ ಮೈಗೆ ಒಗ್ಗಿದ ಹಾಗೆ ಬಾಳೋದೇ ಸರಿ. ಇನ್ನೊಬ್ಬರ ಹಸಿವನ್ನು ಆಟ ಮಾಡಿಕೊಂಡವನಿಗೆ ಮಾತ್ರ ಕಡಲಲ್ಲೂ ಜಾಗವಿಲ್ಲ, ನೆಲದಲ್ಲೂ ಇಲ್ಲ.