ಮೂರನೇ ಸಾಲಿನ ಐದನೇ ಡಬ್ಬ

“ಮೇಡಂ, ನಾಲ್ಕು ಸಲ ಓದಿ ಮುಗಿಸಿದ್ದೇನೆ. ಐದನೇ ಸಲ ಓದಲೇ, ಇಲ್ಲ ಈ ವಿದ್ಯೆ ನನಗಲ್ಲವೆಂದು ಬಿಟ್ಟುಬಿಡಲೇ?”

ಹೀಗೆ ಕೇಳಿದವಳು ಪಾವನಿ, ವೈದ್ಯಕೀಯ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿನಿ. ಕೇಳಿದ್ದು ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತರಾದ ಡಾಕ್ಟರ್ ವಿಶಾಲಾಕ್ಷಮ್ಮನವರನ್ನು.

ಲಿಖಿತ ಪರೀಕ್ಷೆಯಲ್ಲಿ ಪಾವನಿ ತರಗತಿಗೇ ಮೊದಲಿಗಳು. ರೋಗಿಯ ಮುಂದೆ ನಡೆಯುವ ಪರೀಕ್ಷೆಯಲ್ಲಿ ಫೇಲಾಗಿದ್ದಳು. ಅಂದು ಅವಳ ಪಾಲಿಗೆ ಬಂದದ್ದು ಉಸಿರಿಗೆ ಕಷ್ಟಪಡುತ್ತಿದ್ದ ಒಬ್ಬ ಹೆಂಗಸು. ಹೊಟ್ಟೆ ಮುಟ್ಟಿ ನೋಡಬೇಕು, ಮಲಗಿಕೊಳ್ಳಿ ಎಂದು ಎರಡು ಸಲ ಹೇಳಿದರೂ ಆಕೆ ಮಲಗಲಿಲ್ಲವೆಂದೂ, ಅದರಲ್ಲೇ ಸಮಯ ಹಾಳಾಯಿತೆಂದೂ ಪಾವನಿ ಮೇಡಂ ಬಳಿ ದೂರಿದಳು. ಆದರೂ ಉಸಿರು ಕಟ್ಟಲು ಇರುವ ಹನ್ನೆರಡು ಕಾರಣಗಳನ್ನು ಪುಸ್ತಕದ ಕ್ರಮದಲ್ಲೇ ತಡವರಿಸದೆ ಒಪ್ಪಿಸಿದ್ದಳು. “ಸರಿಯಮ್ಮ, ಇವರಿಗಿರುವುದು ಯಾವುದು?” ಎಂದು ಪರೀಕ್ಷಕರು ಕೇಳಿದಾಗ ಹನ್ನೆರಡನ್ನೂ ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಮರುಪರೀಕ್ಷೆಗೆ ಇನ್ನು ಒಂಬತ್ತು ದಿನ. ಈ ಸಲವೂ ಹೋದರೆ ಓದು ಸಾಕೆಂದು ಮನೆಯಲ್ಲಿ ಹೇಳಿಯಾಗಿತ್ತು.

ವಿಶಾಲಾಕ್ಷಮ್ಮ ಅವಳ ನೋಟ್ಸನ್ನು ಕೊನೆಯ ಪುಟದವರೆಗೆ ತಿರುವಿದರು. ರೋಗಕ್ಕೊಂದು ಪುಟ, ಮುಖ್ಯವಾದುದಕ್ಕೆ ಕೆಂಪು ಶಾಯಿ.

“ಅಕ್ಷರ ಚೆನ್ನಾಗಿದೆ,” ಎಂದರು. ಅದು ಹೊಗಳಿಕೆಯೋ ಕುಟುಕೋ ಪಾವನಿಗೆ ತಿಳಿಯಲಿಲ್ಲ. ಆಮೇಲೆ ಅವರು ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಗ್ರಂಧಿಗೆ ಅಂಗಡಿಯಿತ್ತು. ಬೇರು, ತೊಗಟೆ, ಒಣಗಿದ ಕಾಯಿ ಮಾರುತ್ತಿದ್ದ. ಗೋಡೆಯ ತುಂಬ ನೂರಿಪ್ಪತ್ತು ಡಬ್ಬ. ಯಾವುದಕ್ಕೂ ಚೀಟಿ ಇರಲಿಲ್ಲ. ಸೊಸೆಯನ್ನು ಅಂಗಡಿಯಲ್ಲಿ ಕೂರಿಸಿದ ದಿನ ಅವನು ಒಂದೇ ಮಾತು ಹೇಳಿದ್ದ: ಕೊಡುವ ಮೊದಲು ಮುರಿದು ನೋಡು.

ಸೊಸೆ ಜಾಣೆ. ಇಪ್ಪತ್ತು ದಿನದಲ್ಲಿ ಅಷ್ಟೂ ಡಬ್ಬಗಳ ಜಾಗ ಬಾಯಿಪಾಠ ಮಾಡಿದಳು. ಮೊದಲನೇ ಸಾಲಿನ ಎರಡನೆಯದು ಹಿಪ್ಪಲಿ, ಮೂರನೇ ಸಾಲಿನ ಐದನೆಯದು ಅತಿಬಜೆ. ಗಿರಾಕಿ ಕೇಳುವಷ್ಟರಲ್ಲಿ ಕೈ ಡಬ್ಬದ ಮೇಲಿರುತ್ತಿತ್ತು. ಮುರಿದು ನೋಡುವುದು ದಡ್ಡರಿಗೆ ಎಂದುಕೊಂಡಳು. ಅವಳ ಚುರುಕು ನೋಡಲೆಂದೇ ಜನ ಬಂದು ನಿಲ್ಲುತ್ತಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿದರೂ ಕೊಟ್ಟಾಳು ಎಂದು ವ್ಯಾಪಾರಿಯನ್ನು ಛೇಡಿಸುತ್ತಿದ್ದರು. ಅವನು ನಗುತ್ತಿರಲಿಲ್ಲ.

ಆಯುಧ ಪೂಜೆಗೆ ಮುಂಚೆ ಅಂಗಡಿಗೆ ಸುಣ್ಣ ಹೊಡೆಸಿದರು. ಸುಣ್ಣ ಹೊಡೆದವರು ಡಬ್ಬಗಳನ್ನು ಇಳಿಸಿ, ಒರೆಸಿ, ತಮಗೆ ತೋಚಿದಂತೆ ಮತ್ತೆ ಜೋಡಿಸಿ ಹೋದರು. ಮರುದಿನ ಬೆಳಿಗ್ಗೆ ಒಬ್ಬ ಮುದುಕಿ ಬಂದಳು. ಮೊಮ್ಮಗನಿಗೆ ಭೇದಿ, ಅತಿಬಜೆ ಬೇಕಿತ್ತು. ಸೊಸೆಯ ಕೈ ಮೂರನೇ ಸಾಲಿಗೆ ಹೋಯಿತು. ಬೇರು ಕಟ್ಟಿ ಕೊಟ್ಟಳು.

ಮುದುಕಿಗೆ ಓದು ಬರುತ್ತಿರಲಿಲ್ಲ. ಪೊಟ್ಟಣ ಬಿಚ್ಚಿ ಒಂದು ಬೇರನ್ನು ಮುರಿದಳು.

“ಇದು ಒಳಗೆ ಬೆಳ್ಳಗಿಲ್ಲವಲ್ಲೇ ತಾಯಿ.”

“ಮೂರನೇ ಸಾಲಿನ ಐದನೇ ಡಬ್ಬದಿಂದಲೇ ಕೊಟ್ಟಿದ್ದೇನೆ, ಅಜ್ಜಿ.”

“ಕೂಸು ನೆಕ್ಕುವುದು ಬೇರನ್ನು. ನಿನ್ನ ಡಬ್ಬವನ್ನಲ್ಲ.”

ಒಳಗಿನಿಂದ ವ್ಯಾಪಾರಿ ಬಂದು ನೋಡಿದ. ಅದು ವತ್ಸನಾಭಿ. ಔಷಧ ಮಾಡುವವರು ಶುದ್ಧಿ ಮಾಡಿಯಷ್ಟೇ ಬಳಸುವ ವಿಷದ ಬೇರು. ಹೊರಗಿನಿಂದ ನೋಡಿದರೆ ಅತಿಬಜೆಯ ತಮ್ಮನಂತಿರುತ್ತದೆ. ತೇಯ್ದು ನಾಲಗೆಗೆ ಹಚ್ಚಿದ್ದರೆ ಮಗು ಸಂಜೆಯನ್ನು ಕಾಣುತ್ತಿರಲಿಲ್ಲ. ವ್ಯಾಪಾರಿ ಸೊಸೆಯನ್ನು ಬಯ್ಯಲಿಲ್ಲ. ಮುರಿದ ಬೇರಿನ ಎರಡು ತುಂಡನ್ನೂ ಅವಳ ಅಂಗೈಯಲ್ಲಿಟ್ಟು, ತಾನೇ ಅತಿಬಜೆ ಹುಡುಕಿ ಮುದುಕಿಗೆ ಕೊಟ್ಟ.

ಅಂದಿನಿಂದ ಸೊಸೆಯ ಕೈ ನಿಧಾನವಾಯಿತು. ನೋಡಲು ಬರುತ್ತಿದ್ದವರು ಬರುವುದನ್ನು ಬಿಟ್ಟರು. ಕೂಸಿದ್ದವರು ಬರತೊಡಗಿದರು.

ಕತೆ ಅಲ್ಲಿಗೆ ನಿಂತಿತು. ಹಾಗಾದರೆ ತಾನು ಓದಿದ್ದೆಲ್ಲ ದಂಡವೇ ಎಂದು ಪಾವನಿ ಕೇಳಿದಳು. ಡಬ್ಬವಿಲ್ಲದೆ ಅಂಗಡಿ ನಡೆಯುವುದಿಲ್ಲ ಎಂದರು ವಿಶಾಲಾಕ್ಷಮ್ಮ. ಅವಳ ನೋಟ್ಸಿನಲ್ಲಿ ಒಂದು ಪುಟ ಹುಡುಕಿ, ತೆರೆದು, ಅವಳ ಕಡೆಗೆ ತಿರುಗಿಸಿ ಇಟ್ಟರು. ಹನ್ನೆರಡು ಕಾರಣಗಳಲ್ಲಿ ಏಳನೆಯದು, ಹೃದಯ ಸೋಲುವುದು. ಅದರ ಕೆಳಗೆ ಪಾವನಿಯದೇ ದುಂಡು ಅಕ್ಷರ, ಕೆಂಪು ಶಾಯಿ: ಮಲಗಿದರೆ ಉಸಿರು ಕಟ್ಟುವುದು, ಎದ್ದು ಕುಳಿತರೆ ಹಗುರಾಗುವುದು.

ಪಾವನಿ ಆ ಸಾಲನ್ನು ಓದಿದಳು. ಮತ್ತೊಮ್ಮೆ ಓದಿದಳು.

“ಎರಡು ಸಲ ಹೇಳಿದರೂ ಆಕೆ ಯಾಕೆ ಮಲಗಲಿಲ್ಲ, ಪಾವನಿ?”