ಸೊಸೆ ಉಂಡ ಎಲೆ

"ಗುರುಗಳೇ, ಅರೆತಲೆನೋವಿಗೆ ನೀವು ಕಲಿಸಿದ ಲೇಪಗಳನ್ನೆಲ್ಲ ಹಚ್ಚಿ ನೋಡಿದೆ. ಇವತ್ತು ಹೋದ ನೋವು ನಾಳಿದ್ದು ಮತ್ತೆ ಬಂದು ಕೂರುತ್ತದೆ. ಇನ್ನೂ ಗಟ್ಟಿ ಮದ್ದು ಇಲ್ಲವೇ?" ಎಂದು ಶಿಷ್ಯ ಮರಿಸ್ವಾಮಿ ಕೇಳಿದ.

ಗುರುಗಳು ಬೇರು ಅರೆಯುವುದನ್ನು ನಿಲ್ಲಿಸಿದರು. "ಒಬ್ಬೊಬ್ಬರ ನೋವು ಒಂದೊಂದು ಕಡೆ ಹುಟ್ಟುತ್ತದಪ್ಪಾ. ಒಬ್ಬಳದು ಎಲ್ಲಿ ಹುಟ್ಟಿತ್ತು ಅಂತ ಹೇಳ್ತೀನಿ, ಕೇಳು," ಎಂದು ಕತೆ ಶುರು ಮಾಡಿದರು.

ಒಬ್ಬ ಗಾಣಿಗನಿದ್ದ. ಬೆಳಗಾದರೆ ಅವನ ಮನೆಗೆ ಎಣ್ಣೆಗೆ ಜನ. ದೂರದಿಂದ ಎಳ್ಳು ಹೊತ್ತು ತಂದವರನ್ನು ಉಣ್ಣಿಸದೆ ಕಳಿಸುವ ಪದ್ಧತಿ ಅಲ್ಲಿರಲಿಲ್ಲ. ಬಡಿಸುವವಳು ಸೊಸೆ. ಬಡಿಸಿದವಳು ಎಲ್ಲರದೂ ಮುಗಿದ ಮೇಲೆ ಉಣ್ಣಬೇಕು, ಅದೂ ಪದ್ಧತಿಯೇ. ಅವಳು ಮುತ್ತುಗದ ಎಲೆ ಹಾಕಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬರು ಚೀಲ ಇಳಿಸುತ್ತಿದ್ದರು. ಆ ಎಲೆ ಅವರ ಮುಂದೆ ಹೋಗುತ್ತಿತ್ತು. ಹೊತ್ತು ಇಳಿಯುವಾಗ ಅವಳ ಹಸಿವು ಸತ್ತಿರುತ್ತಿತ್ತು. ಒಂದು ಲೋಟ ಮಜ್ಜಿಗೆ ಕುಡಿದು ಪಾತ್ರೆ ಬೆಳಗಲು ಕೂರುತ್ತಿದ್ದಳು. ಬಂದವರು "ಊಟ ಆಯ್ತೇನಮ್ಮ?" ಅನ್ನುತ್ತಿದ್ದರು. ಅವಳು "ಆಯ್ತು" ಅನ್ನುತ್ತಿದ್ದಳು. ಹಾಗೆ ಕೇಳುವುದು, ಹಾಗೆ ಹೇಳುವುದು ನಮ್ಮ ಕಡೆ ರೂಢಿ ತಾನೇ. ಉತ್ತರಕ್ಕೆ ಯಾರು ನಿಂತಾರು?

ಅವಳಿಗೆ ತಲೆಯ ಒಂದು ಪಕ್ಕ ಸಿಡಿಯತೊಡಗಿತು. ಬೆಳಕು ಕಂಡರೆ ಆಗದು, ಗಾಣದ ಸದ್ದು ಕೇಳಿದರೆ ವಾಂತಿ. ಶುಂಠಿ ತೇಯ್ದು ಹಚ್ಚಿದರು. ಬಟ್ಟೆ ಬಿಗಿದರು. ಅತ್ತೆ ದೇವರಿಗೆ ಹೇಳಿಕೊಂಡು ಸೊಸೆಗೆ ಸೋಮವಾರದ ಉಪವಾಸ ಹಿಡಿಸಿದಳು. ಸೋಮವಾರ ನೋವು ಇನ್ನೂ ಜೋರಾಯಿತು. ಅತ್ತೆ ಶುಕ್ರವಾರವನ್ನೂ ಸೇರಿಸಿದಳು.

"ವೈದ್ಯರ ಮದ್ದಿಗೂ ಬಗ್ಗದಿದ್ದರೆ ಇವಳನ್ನು ತವರಿಗೆ ಬಿಟ್ಟು ಬಾ. ಮಗು ಇಲ್ಲೇ ಇರಲಿ," ಎಂದು ಕೊನೆಗೆ ಮಗನಿಗೆ ಹೇಳಿದಳು. ತೊಟ್ಟಿಲು ತೂಗುತ್ತಿದ್ದ ಸೊಸೆಯ ಕೈ ನಿಂತಿತು.

ವೈದ್ಯರು ಬಂದಾಗ ಹೊತ್ತು ಇಳಿದಿತ್ತು. "ಊಟ ಆಯ್ತೇನಮ್ಮ?" ಅಂದರು. "ಆಯ್ತು" ಅಂದಳು. ವೈದ್ಯರು ನಾಡಿ ಹಿಡಿದು ನೋಡಿದರು. ಆಮೇಲೆ, "ಇವತ್ತು ನೀನು ಉಂಡ ಎಲೆ ತಗೊಂಡು ಬಾ ತಾಯಿ. ಮದ್ದಿಗೆ ಬೇಕು," ಅಂದರು.

ಅತ್ತೆ ನಕ್ಕುಬಿಟ್ಟಳು. "ಎಂಜಲೆಲೆಯಲ್ಲಿ ಎಂಥ ಮದ್ದು ಸ್ವಾಮಿ! ಹಿತ್ತಲಲ್ಲಿ ರಾಶಿ ಬಿದ್ದಿದೆ, ಒಂದು ಎತ್ತಿಕೊಂಡು ಬಾರೇ."

"ಯಾರದೋ ಆಗದು. ಅವಳದೇ ಬೇಕು."

ಸೊಸೆ ಹಿತ್ತಲಿಗೆ ಹೋದಳು. ಎಲೆಗಳ ರಾಶಿಯ ಮುಂದೆ ಬಹಳ ಹೊತ್ತು ನಿಂತಳು. ಬರಿಗೈಲಿ ಬಂದಳು.

"ನಂದು ಇಲ್ಲ," ಅಂದಳು.

"ನಿನ್ನೆಯದು?"

ಅವಳು ತಲೆ ತಗ್ಗಿಸಿದಳು.

ಅತ್ತೆಯ ನಗು ನಿಂತಿತು. ಅವಳೂ ಆ ಮನೆಗೆ ಸೊಸೆಯಾಗಿ ಬಂದವಳೇ. ಎದ್ದು ಒಳಗೆ ಹೋದಳು. ಎಲೆ ತೊಳೆದು ಹಾಕಿ, ಅನ್ನ ಬಡಿಸಿ, ಸೊಸೆಯನ್ನು ಕೈಹಿಡಿದು ಕೂರಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಚೀಲ ಇಳಿಸಿದರು.

"ಸ್ವಲ್ಪ ತಡೀರಪ್ಪಾ, ನಮ್ಮ ಸೊಸೆ ಉಣ್ತಾ ಇದ್ದಾಳೆ!" ಎಂದು ಅತ್ತೆ ಕೂಗಿದಳು.

ಆ ಮನೆ ಕಟ್ಟಿದಾಗಿನಿಂದ ಅಂಥ ಮಾತನ್ನು ಅದರ ಗೋಡೆಗಳು ಕೇಳಿರಲಿಲ್ಲ. ಗಾಣ ಹೊಡೆಯುತ್ತಿದ್ದವನು ಎತ್ತನ್ನು ನಿಲ್ಲಿಸಿದ. ಚೀಲ ತಂದವನು ಬಾಗಿಲಲ್ಲೇ ಕೂತ. ಅವಳು ಉಂಡು ಏಳುವ ತನಕ ಯಾರೂ ಮಾತಾಡಲಿಲ್ಲ, ದೇವರ ಮಂಗಳಾರತಿ ಆಗುವಾಗ ನಿಂತ ಹಾಗೆ. ಉಪವಾಸ ಎರಡೂ ನಿಂತವು. ಬರಬರುತ್ತಾ ನೋವು ಬರುವುದು ಅಪರೂಪವಾಯಿತು. ತವರಿನ ಮಾತು ಎತ್ತಿದವರಿಲ್ಲ.

"ಅಬ್ಬಾ, ಎಂಥ ಶತ್ರುವನ್ನು ತಲೆಯಲ್ಲಿ ಹೊತ್ತಿದ್ದಳು ಗುರುಗಳೇ!" ಎಂದ ಮರಿಸ್ವಾಮಿ.

"ಶತ್ರುವೇ? ಅಷ್ಟು ಜನರಿದ್ದ ಮನೆಯಲ್ಲಿ ಅವಳು ಉಂಡಿಲ್ಲ ಅಂತ ಗೊತ್ತಿದ್ದದ್ದು ಆ ನೋವೊಂದಕ್ಕೇ ಕಣಪ್ಪಾ."